ಮಕ್ಕಳ ಇಂಗ್ಲಿಷ್ ಓದಿಗೆ ಒಂದು ಆ್ಯಪ್

ಪೋಷಕರೇ, ಒಂದನೇ ಎರಡನೇ ತರಗತಿ ಮಕ್ಕಳಿಗೆ ಯಾವ ಆ್ಯಪ್ ಹಾಕೋದು ಅಂತ ಹಲವರು ಕೇಳಿದ್ದೀರಿ. ಗೂಗಲ್‌ನ ‘ರೀಡ್ ಅಲಾಂಗ್’ ಹಾಕಿಕೊಳ್ಳಿ. 2019ರಲ್ಲಿ ‘ಬೋಲೋ’ ಹೆಸರಲ್ಲಿ ಮೊದಲು ಬಂದದ್ದು ಭಾರತದಲ್ಲೇ. ಮಗು ಗಟ್ಟಿಯಾಗಿ ಓದಿದರೆ ಕೇಳಿಸಿಕೊಳ್ಳುತ್ತದೆ. ಗೊತ್ತಿಲ್ಲದ ಪದ ಮುಟ್ಟಿದರೆ ಹೇಳಿಕೊಡುತ್ತದೆ. ಕಥೆ ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ.

ನನ್ನ ಮಗಳು ‘ಸ್ಕೂಲ್’ಗೆ ‘ಇಸ್ಕೂಲ್’ ಎನ್ನುತ್ತಿದ್ದಳು. ಆ ಪದವನ್ನೇ ನಾಲ್ಕೈದು ಸಲ ಮುಟ್ಟಿ ಕೇಳಿ, ತಾನೇ ತಿದ್ದಿಕೊಂಡಳು. ಎಷ್ಟು ಖುಷಿಯಾಯಿತು ಗೊತ್ತಾ!

ಓದುವಾಗ ಟಿವಿ ಆರಿಸಿ, ಇಲ್ಲದಿದ್ದರೆ ಮಗುವಿನ ದನಿ ಫೋನಿಗೆ ಸರಿಯಾಗಿ ಕೇಳಿಸದು. ದಿನಕ್ಕೆ ಹತ್ತು ನಿಮಿಷ ಸಾಕು, ಜಾಸ್ತಿ ಬೇಡ. ಪಕ್ಕದಲ್ಲಿ ಕೂತು ‘ಕಥೇಲಿ ಏನಾಯ್ತು?’ ಅಂತ ಕನ್ನಡದಲ್ಲೇ ಕೇಳಿ. ಅರ್ಥ ಆಗಿದೆಯಾ ಅಂತ ತಿಳಿಯಬೇಕಲ್ವಾ?

ಮಗುವಿನ ದನಿ ಕೇಳಿಸಿಕೊಳ್ಳಲು ಆ್ಯಪ್‌ಗೆ ಫೋನಿನ ಮೈಕ್ ಬಳಸುವ ಅನುಮತಿ ಬೇಕು. ಅದನ್ನು ಕೊಡಲು ಬಾರದವರು ಶನಿವಾರ ಫೋನ್ ತನ್ನಿ, ಮಾಡಿಕೊಡುತ್ತೇನೆ.