ನಿದ್ದೆ ಬಿಡಿಸಿದ ಮಾಲ್ಗುಡಿ

ಮಾನ್ಯ ಸಂಪಾದಕರೇ,

ಮೊನ್ನೆ ಶನಿವಾರ ನಾನೂ ಅಮ್ಮನೂ ರಾತ್ರಿ ಒಂದೂವರೆವರೆಗೆ ‘ಮಾಲ್ಗುಡಿ ಡೇಸ್’ ನೋಡುತ್ತಾ ಕೂತೆವು. ಇನ್ನೊಂದೇ ಕಂತು ಅನ್ನುತ್ತಾ ಹಾಲಿಗೆ ಹೆಪ್ಪು ಹಾಕುವುದೇ ಮರೆತುಹೋಯಿತು. ಆರ್‌.ಕೆ. ನಾರಾಯಣ್ ಕಾದಂಬರಿ ಓದುವಾಗ ಮನಸ್ಸಿನಲ್ಲಿ ಮೂಡಿದ್ದ ಸ್ವಾಮಿಯೇ ಮಾಸ್ಟರ್ ಮಂಜುನಾಥ್ ಆಗಿ ಎದುರು ಬಂದ ಹಾಗಿತ್ತು. ಅಪ್ಪನಾಗಿ ಗಿರೀಶ್ ಕಾರ್ನಾಡ್ ತಲೆ ಎತ್ತಿ ನೋಡಿದರೆ ಸಾಕು, ನಮಗೂ ಎದೆ ಢವಢವ. ಮಿಠಾಯಿ ಮಾರುವ ಜಗನ್ ಆಗಿ ಅನಂತ್ ನಾಗ್ ಅಂತೂ ಅಮ್ಮನ ಕಣ್ಣು ಒದ್ದೆ ಮಾಡಿದರು.

1980ರ ದಶಕದಲ್ಲಿ ಶಂಕರ್ ನಾಗ್ ನಮ್ಮ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಇಂಥ ಧಾರಾವಾಹಿಯನ್ನು ಬೇಸಿಗೆ ರಜೆಯಲ್ಲಿ, ಮಕ್ಕಳು ಎಚ್ಚರವಿರುವ ಸಂಜೆ ಹೊತ್ತಿಗೆ ಮತ್ತೆ ಹಾಕಬಾರದೇ?

– ಓದುಗರೊಬ್ಬರು, ಶಿವಮೊಗ್ಗ