ಹೆಪಾರಿನ್‌ಗೆ ಮೊದಲೇ ತೋಳು ಚಾಚಿದವರಿಗೆ

ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದ ಕೊಬ್ಬನ್ನೂ ರಕ್ತನಾಳಗಳನ್ನೂ ನಿಗಾ ಇಟ್ಟು ನೋಡುವ ನಮ್ಮ ಕೆಲಸಕ್ಕೆ ಈ ತಿಂಗಳು ಒಂದು ವರ್ಷ ತುಂಬಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ವಾರಕ್ಕೆ ಮೂರು ಸಲ ಬರುವವರಿಗೂ ಅವರನ್ನು ಕರೆತರುವವರಿಗೂ ನಮ್ಮ ವಂದನೆ.

ಮೊದಲು ರಕ್ತ ಕೊಟ್ಟವರಿಗೆ. "ಮೆಶಿನ್ ಶುರುವಾದ ಮೇಲೆ ತೆಗೆದರೆ ಸಾಲದೇ?" ಎಂದು ಕೇಳಿದವರಿದ್ದಾರೆ. ಸಾಲದು. ಮೆಶಿನ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಒಳಗೆ ಹೋದೊಡನೆ ನಾಳದ ಗೋಡೆಗೆ ಅಂಟಿಕೊಂಡಿದ್ದ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಕಳಚಿ ರಕ್ತಕ್ಕಿಳಿದು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಒಡೆಯತೊಡಗುತ್ತದೆ. ವರದಿಯ ಅಂಕಿ ಕೆಡುತ್ತದೆ. ಕಿಡ್ನಿ ಸೋತವರಲ್ಲಿ ಇದೇ ಕಿಣ್ವ ಮಂಕಾಗಿರುವುದರಿಂದಲೇ ಟ್ರೈಗ್ಲಿಸರೈಡ್ ಏರುವುದು. ಜೊತೆಗೆ 'ಒಳ್ಳೆಯ' ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ, 'ಕೆಟ್ಟ' ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಮಾತ್ರ ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿ.ಗ್ರಾಂ. ದಾಟಿದರೆ ಸೂತ್ರದಿಂದ ಲೆಕ್ಕ ಹಾಕಿದ ಎಲ್‌ಡಿಎಲ್ ನಂಬುವಂತಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದು ಉಳಿದದ್ದನ್ನು ನೋಡಬೇಕು. ಕೊಲೆಸ್ಟ್ರಾಲ್ ತೀರಾ ಕಡಿಮೆ ಬಂದಿತೆಂದು ಖುಷಿಪಡುವ ಹಾಗೂ ಇಲ್ಲ. ಡಯಾಲಿಸಿಸ್‌ನವರಲ್ಲಿ ಅದು ಊಟ ಸಾಲದ್ದರ, ಒಳಗೆ ಉರಿಯೂತ ಇರುವುದರ ಗುರುತಾಗಿರಬಹುದು.

"ನಮಗೇಕೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬರೆಯಲಿಲ್ಲ?" ಎಂಬ ಪ್ರಶ್ನೆಯನ್ನು ತಾಳ್ಮೆಯಿಂದ ಚರ್ಚಿಸಿದ ಮನೆಯವರಿಗೆ ವಿಶೇಷ ವಂದನೆ. ಹಿಮೋಡಯಾಲಿಸಿಸ್‌ನಲ್ಲಿದ್ದ ಮಧುಮೇಹಿಗಳಿಗೆ ಅಟೊರ್ವಾಸ್ಟ್ಯಾಟಿನ್ 20 ಮಿ.ಗ್ರಾಂ. ಕೊಟ್ಟು ನೋಡಿದ 2005ರ 4ಡಿ ಅಧ್ಯಯನದಲ್ಲೂ ರೋಸುವಾಸ್ಟ್ಯಾಟಿನ್ 10 ಮಿ.ಗ್ರಾಂ. ಕೊಟ್ಟ 2009ರ ಅರೋರಾದಲ್ಲೂ ಎಲ್‌ಡಿಎಲ್ ಚೆನ್ನಾಗಿ ಇಳಿಯಿತು, ಆದರೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಗಮನಾರ್ಹವಾಗಿ ತಗ್ಗಲಿಲ್ಲ. ಹಾಗಾಗಿ ಕಿಡ್ನಿ ರೋಗದ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2013ರ ಮಾರ್ಗಸೂಚಿಯ ಪ್ರಕಾರ ಡಯಾಲಿಸಿಸ್ ಆರಂಭವಾದ ಮೇಲೆ ಹೊಸದಾಗಿ ಶುರುಮಾಡುವುದಿಲ್ಲ, ಮೊದಲೇ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಬಹುದು. ಡಯಾಲಿಸಿಸ್‌ಗೆ ಇನ್ನೂ ಬಾರದ, 50 ದಾಟಿದ ಕಿಡ್ನಿ ರೋಗಿಗಳ ಮಾತು ಬೇರೆ, ಅವರಿಗೆ ಬೇಕು. ನೆರೆಮನೆಯವರ ಚೀಟಿ ನೋಡಿ ಮಾತ್ರೆ ನುಂಗುವುದು ಬೇಡ ಎನ್ನುವುದು ಇದಕ್ಕೇ.

ನಮ್ಮವರ ನಾಳ ಕೆಡುವುದು ಕೊಬ್ಬಿನಿಂದ ಮಾತ್ರ ಅಲ್ಲ. ರಕ್ತದಲ್ಲಿ ರಂಜಕ (ಫಾಸ್ಫರಸ್) ಏರಿದಾಗ ನಾಳದ ನಡುಪದರದಲ್ಲಿ ಕ್ಯಾಲ್ಸಿಯಂ ಕಟ್ಟಿ ಅದು ಕೊಳವೆಯಂತೆ ಗಡುಸಾಗುತ್ತದೆ. ಅಂಥ ಕಾಲಿಗೆ ಬಿಪಿ ಪಟ್ಟಿ ಕಟ್ಟಿದರೆ ನಾಳ ಒತ್ತಿಗೆ ಮಣಿಯದೆ, ರಕ್ತ ಹರಿಯದ ಕಾಲಿನಲ್ಲೂ ಒತ್ತಡ ಚೆನ್ನಾಗಿದೆ ಎಂದೇ ತೋರೀತು. ಆಗ ಕಾಲ್ಬೆರಳಿನ ಒತ್ತಡ ಅಳೆಯಬೇಕು. ಇಲ್ಲಿ ಮುಖ್ಯ ಕೆಲಸ ಮಾಡಿದವರು ಅಡುಗೆಮನೆಯ ಅಕ್ಕಂದಿರು. ಊಟದ ರಂಜಕವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುವ ಸೆವೆಲಮರ್ ಮಾತ್ರೆಯನ್ನು ಊಟದ ಬಟ್ಟಲ ಪಕ್ಕದಲ್ಲೇ ಇಟ್ಟು, ತುತ್ತಿನ ಜೊತೆ ನುಂಗಿಸಿದವರು ಅವರು. ಉಂಡು ತಡವಾಗಿ ನುಂಗಿದರೆ ರಂಜಕ ಕಟ್ಟಿಹಾಕುವ ಕೆಲಸ ಸರಿಯಾಗಿ ಆಗುವುದಿಲ್ಲ. (ಈ ಮಾತ್ರೆ ಎಲ್‌ಡಿಎಲ್ ಅನ್ನೂ ಇಳಿಸುತ್ತದೆ, ಅದೊಂದು ಲಾಭ.) ಕೋಲಾ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಬಿಟ್ಟು ಬಂಗುಡೆಯ ತುಂಡು ಕೊಟ್ಟರು, ಒಣಮೀನು ನಿಲ್ಲಿಸಿದರು. ಬೊಂಡ (ಎಳನೀರು) ಬೇಡವೆಂದದ್ದು ಕೊಬ್ಬಿಗಲ್ಲ, ಪೊಟ್ಯಾಸಿಯಂಗೆ. ಎಣ್ಣೆಗೆ ಹೆದರಿ ಬರೀ ಗಂಜಿಗೆ ಇಳಿಸಿದ ಮನೆಗಳು ಈಗ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಲೆಕ್ಕ ಹಿಡಿದಿವೆ.

ಮೆಡಿಕಲ್ ಶಾಪಿನವರಿಗೂ ಋಣಿ. ಸಿಮ್ವಾಸ್ಟ್ಯಾಟಿನ್ ನುಂಗುವವರಿಗೆ ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವ ಮುಂಚೆ ಫೋನ್ ಮಾಡಿ ಕೇಳಿದಿರಿ. ಎರಡೂ ಸೇರಿದರೆ ಸ್ನಾಯು ಕರಗಿಹೋಗುವ ಅಪಾಯವಿದೆ.

ಆಟೋ ಚಾಲಕರೇ, ಏದುಸಿರು, ತಣ್ಣನೆಯ ಬೆವರು ಕಂಡಾಗ ಗ್ಯಾಸ್ ಎಂದು ಸೋಡಾ ಕುಡಿಸಲು ನಿಲ್ಲದೆ ನೇರ ಆಸ್ಪತ್ರೆಗೆ ಬಂದಿರಿ. ಮಧುಮೇಹ ಇರುವ ಡಯಾಲಿಸಿಸ್ ರೋಗಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು.

ಮುಂದಿನ ಸಲ ರಕ್ತ ಕೊಡಲು ಬರುವಾಗ ಖಾಲಿಯಾದ ಮಾತ್ರೆಯ ಪಟ್ಟಿಗಳನ್ನೂ ತನ್ನಿ.