ಅಪ್ಪಯ್ಯನ ಕಾರು, ಮೇಷ್ಟ್ರ ಬುಗುರಿ

ಪ್ರೀತಿಯ ಗೆಳೆಯ,

ಮಗಳ ಹುಟ್ಟುಹಬ್ಬಕ್ಕೆ ಅಪ್ಪಯ್ಯ ತಂದ ಬ್ಯಾಟರಿ ಕಾರನ್ನು ಅಂಗಡಿಗೇ ಹಿಂತಿರುಗಿಸಲೇ ಎಂದು ನೀನು ಕೇಳಿದ್ದೆ. ಖಂಡಿತ ಬೇಡ. ಅಡಿಕೆ ಮಂಡಿಯಿಂದ ದುಡ್ಡು ಕೈಸೇರಿದ ವಾರವೇ ಸಾಗರದಿಂದ ರಾತ್ರಿ ಬಸ್ಸು ಹತ್ತಿ ಬಂದ ಮನುಷ್ಯ ಅವರು. ನಿನಗೊಂದು ಸೈಕಲ್ ಕೊಡಿಸಲು ಎರಡು ಕೊಯ್ಲು ಕಾಯಿಸಿದವರು ಈಗ ಚೌಕಾಸಿಯನ್ನೂ ಮಾಡದೆ ಕಾರು ಕೊಂಡಿದ್ದಾರೆಂದರೆ, ಅದರಲ್ಲಿ ಅರ್ಧ ನಿನಗೇ ಕೊಟ್ಟಿದ್ದು. ಬೇಸಗೆ ರಜೆಗೆ ಅದನ್ನು ಊರಿಗೆ ಒಯ್ಯಿ. ಅಂಗಳದಲ್ಲಿ ಜಾಗವಿದೆ, ಅಣ್ಣನ ಮಕ್ಕಳೂ ಹತ್ತುತ್ತಾರೆ.

ನನಗೆ ಕಸಿವಿಸಿಯಾದದ್ದು ಬೇರೆ ವಿಷಯಕ್ಕೆ. ಕೇಕಿನ ಗಡಿಬಿಡಿಯಲ್ಲಿ ನೀನು ಗಮನಿಸಿರಲಿಕ್ಕಿಲ್ಲ. ನಿನ್ನ ಮಾವನವರು, ಅಂದರೆ ನಮ್ಮ ಮೇಷ್ಟ್ರು, ಚನ್ನಪಟ್ಟಣದ ಬುಗುರಿ ತಂದಿದ್ದರು, ಅರಗಿನ ಬಣ್ಣದ್ದು, ಜೊತೆಗೆ ಪುಟ್ಟ ಮರದ ಅಡುಗೆ ಪಾತ್ರೆಗಳು. ಕಾರಿನ ದೀಪ ಹೊತ್ತಿ ಹಾಡು ಶುರುವಾದದ್ದೇ ತಡ, ಮೇಷ್ಟ್ರು ಆ ಪೊಟ್ಟಣವನ್ನು ಕಾಲಿನಿಂದ ಮೆಲ್ಲಗೆ ಕುರ್ಚಿಯಡಿಗೆ ತಳ್ಳಿದರು. ಕೈ ತೊಳೆಯುವಲ್ಲಿ ಸಿಕ್ಕಾಗ, "ಮಕ್ಕಳ ಚಿನ್ನದ ಸರ ಈಗ ಎಷ್ಟಾಗಬಹುದು?" ಎಂದು ವಿಚಾರಿಸಿದರು. ಪಿಂಚಣಿಯಲ್ಲಿ ಔಷಧಿಯ ಖರ್ಚನ್ನೂ ತೂಗಿಸುವವರು ಅವರು. ಬೀಗರಿಗೆ ಕಡಿಮೆಯಾಗಬಾರದೆಂದು ಬರುವ ವರ್ಷ ಸರವನ್ನು ತಂದೇ ತರುತ್ತಾರೆ. ಅದನ್ನು ನೋಡಿ ಅಪ್ಪಯ್ಯ ಸುಮ್ಮನಿರುತ್ತಾರೆಯೇ? ನಡುವೆ ನಾಲ್ಕು ವರ್ಷದ ಮಗು ಕತ್ತಿನಲ್ಲಿ ಚಿನ್ನ ಹಾಕಿಕೊಂಡು ಶಾಲೆಯ ಬಸ್ಸು ಹತ್ತಬೇಕು!

ತೊಟ್ಟಿಲು ಶಾಸ್ತ್ರಕ್ಕೆ ಉಡಿದಾರ ಯಾರದು, ಬೆಳ್ಳಿ ಲೋಟ ಯಾರದು ಎಂದು ಮೊದಲೇ ಮಾತಾಗಿತ್ತು, ನೆನಪಿದೆಯಲ್ಲ. ಹುಟ್ಟುಹಬ್ಬಕ್ಕೆ ಅಂಥ ಕಟ್ಟುಪಾಡಿಲ್ಲ, ಹಾಗಾಗಿಯೇ ಈ ಪೈಪೋಟಿ.

ಅಪ್ಪಯ್ಯನಿಗೆ ಬೇಡವೆನ್ನುವ ಬದಲು ಅಂಚೆ ಕಚೇರಿಯಲ್ಲಿ ಮಗಳ ಹೆಸರಿಗೆ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆ ತೆರೆ. ಮಗುವಿಗೆ 10 ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ 1.5 ಲಕ್ಷ, ಹಣ ಕಟ್ಟುವುದು 15 ವರ್ಷ, ಖಾತೆಯ ಅವಧಿ 21 ವರ್ಷ. ಹೆತ್ತವರೋ ಕಾನೂನುಬದ್ಧ ಪೋಷಕರೋ ತೆರೆಯಬೇಕೇ ಹೊರತು ಅಜ್ಜ ಎಂಬ ಕಾರಣಕ್ಕೆ ಅಪ್ಪಯ್ಯ ತೆರೆಯಲು ಬರುವುದಿಲ್ಲ, ಆದ್ದರಿಂದ ಆ ಓಡಾಟ ನಿನ್ನ ಪಾಲಿಗೆ. ಅಪ್ಪಯ್ಯ 20 ಸಾವಿರ ಕೊಡಲಿ, ಮೇಷ್ಟ್ರು 500 ಕೊಡಲಿ, ಇಬ್ಬರದನ್ನೂ ಒಟ್ಟಿಗೆ ಕಟ್ಟು. ಯಾರದೆಷ್ಟು ಎಂದು ಪಾಸ್‌ಬುಕ್ಕು ಹೇಳುವುದಿಲ್ಲ.

"ಪಾಸ್‌ಬುಕ್ಕು ನೋಡಿ ಯಾವ ಮಗು ಕುಣಿಯುತ್ತದೋ?" ಎಂದು ಅಪ್ಪಯ್ಯ ಗೊಣಗಿಯೇ ಗೊಣಗುತ್ತಾರೆ. ಅವರ ಮಾತೂ ಸುಳ್ಳಲ್ಲ. ಕೈಗೆ ಕೊಡಲು ಇಬ್ಬರೂ ಒಂದೊಂದು ಸಣ್ಣ ಆಟಿಕೆ ತರಲಿ. ಮಾವನವರಿಗೆ ಹೇಳುವ ಕೆಲಸ ನಿನ್ನ ಹೆಂಡತಿಯದು, ನೀನು ಹೇಳಿದರೆ ನೊಂದುಕೊಳ್ಳುತ್ತಾರೆ. ಅಪ್ಪಯ್ಯನ ಹತ್ತಿರ ಮಾತ್ರ ನೀನೇ ಮಾತನಾಡು, ಅದೂ ಮುಂದಿನ ಸಲ ಮಂಡಿಯಿಂದ ದುಡ್ಡು ಬರುವ ಮೊದಲು. ಬಂದ ಮೇಲೆ ಅವರು ಯಾರ ಮಾತನ್ನೂ ಕೇಳುವವರಲ್ಲ.

ನಿನ್ನ ಗೆಳೆಯ